ನೂರಕ್ಕೆ ನೂರು ಬದುಕಿದ ತೋಟ

ಪ್ರೊಫೆಸರ್: ತೊಳೆದೆ ಅಂದ್ರೆ? ಎಲ್ಲಾ ಬೋರ್ಡನ್ನೂ ಕಿತ್ತು ತೊಳೆದೆಯಾ?

ತೋಟದಮ್ಮ: ಕೀಳದೆ ತೊಳೆಯೋಕೆ ಅವೇನು ಮಕ್ಕಳ ಮೂತೀನಾ ಸಾರ್? ಸಮಿತಿಯೋರು ಬರ್ತಾರೆ, ಬೋರ್ಡ್ ಮೇಲೆ ಒಂದು ಹಕ್ಕಿ ಹಿಕ್ಕೆ ಕಾಣಬಾರದು ಅಂತ ನಿನ್ನೆ ಹೇಳಿದ್ದು ಯಾರು?

ಪ್ರೊಫೆಸರ್: ಇದ್ದಲ್ಲೇ ಒರೆಸು ಅಂದಿದ್ದೆ ಕಣಮ್ಮ! ಈಗ ಯಾವುದು ಯಾವುದರ ಪಕ್ಕ ಇತ್ತು?

ತೋಟದಮ್ಮ: ಅದೆಲ್ಲ ನೀವು ಓದಿದೋರು ಹೇಳ್ಬೇಕು.

ಗ್ರಂಥಾಲಯದ ಹಿಂದಿನ ನಲ್ಲಿಯ ಪಕ್ಕ ತಗಡಿನ ತೊಟ್ಟಿ. ಅದರ ತುಂಬ ಸೋಪಿನ ನೊರೆ, ನೊರೆಯೊಳಗೆ ನೂರಹನ್ನೆರಡು ಬೋರ್ಡು. ಪ್ರತಿಯೊಂದರ ಮೇಲೂ ಒಂದು ಲ್ಯಾಟಿನ್ ಹೆಸರು, ಕೆಳಗೆ ಒಂದೇ ಸಾಲು: ‘ಸ್ಥಳೀಯ ಸಸ್ಯ. ದಯವಿಟ್ಟು ತುಳಿಯಬೇಡಿ.’ ಈ ಅರ್ಧ ಎಕರೆ ಸ್ಥಳೀಯ ಸಸ್ಯಗಳ ತೋಟಕ್ಕೆ ಮೂರು ವರ್ಷದ ಹಿಂದೆ ನಕ್ಷೆ ಬರೆದವರು ಈ ಪ್ರೊಫೆಸರೇ. ವಿಶ್ವವಿದ್ಯಾಲಯದಲ್ಲಿ ಉದ್ಯಾನ ವಿನ್ಯಾಸ ಕಲಿಸುತ್ತಾರೆ, ಮಂಗಳವಾರಗಳಲ್ಲಿ ಪರಿಸರ ನೀತಿಯನ್ನೂ ಬೋಧಿಸುತ್ತಾರೆ. ಉಳಿದ ದಿನಗಳಲ್ಲಿ ನೀತಿಗೆ ರಜೆ. ತೋಟಕ್ಕೆ ಮಾನ್ಯತೆ ಕೊಡುವ ಸಮಿತಿ ಬರುವುದು ಹನ್ನೊಂದಕ್ಕೆ. ಈಗ ಹತ್ತೂಕಾಲು.

ಪ್ರೊಫೆಸರ್: ಮಾತು ಸಾಕು, ಬೇಗ ಬೇಗ ಚುಚ್ಚು. ಇದು ನಿನ್ನ ಕೆಲಸ.

ತೋಟದಮ್ಮ: ನನ್ನ ಕೆಲಸ ತಿಂಗಳ ಕೊನೆವರೆಗೆ ಮಾತ್ರ ಸಾರ್. ಆಮೇಲೆ ತೋಟಕ್ಕೆ ಆಳೇ ಬೇಡವಂತೆ. ಕಚೇರಿಯಿಂದ ಕಾಗದ ಬಂದಿದೆ.

ಪ್ರೊಫೆಸರ್: ಅದು ಕಚೇರಿ ವಿಷಯ. ನನಗೂ ಅದಕ್ಕೂ ಏನು ಸಂಬಂಧ?

ತೋಟದಮ್ಮ: (ಏಪ್ರನ್ ಜೇಬಿನಿಂದ ಕಾಗದ ತೆಗೆದು) ‘ಪ್ರೊಫೆಸರರ ವರದಿಯಂತೆ ಈ ತೋಟವು ಮಾನವ ಹಸ್ತಕ್ಷೇಪವಿಲ್ಲದೆ, ಹನಿ ನೀರೂ ಇಲ್ಲದೆ ನೂರಕ್ಕೆ ನೂರು ಬದುಕಿರುವುದರಿಂದ, ತೋಟಗಾರ್ತಿಯ ಹುದ್ದೆಯನ್ನು ರದ್ದುಪಡಿಸಲಾಗಿದೆ.’ ಹಸ್ತಕ್ಷೇಪ ಅಂದ್ರೆ ಯಾವ್ದು ಸಾರ್? ಈ ಹಸ್ತಾನಾ?

ಅವಳು ಎರಡೂ ಅಂಗೈ ಮುಂದೆ ಹಿಡಿದಳು. ದಿನಕ್ಕೆ ನಲವತ್ತು ಬಕೆಟ್ಟಿನ ಹಿಡಿ ಕೂತು ಕೂತು ಅಡ್ಡಡ್ಡ ಜಡ್ಡುಗಟ್ಟಿದ ಗೆರೆ. ಪ್ರೊಫೆಸರ್ ಗಡಿಯಾರ ನೋಡಿಕೊಂಡರು. ಕೈ ನೋಡಬೇಕಾದ ಹೊತ್ತಿನಲ್ಲಿ ಗಡಿಯಾರ ನೋಡುವುದು ದೊಡ್ಡ ಮನುಷ್ಯರ ಹಳೆಯ ಚಾಳಿ.

ಪ್ರೊಫೆಸರ್: ಅದನ್ನ ಆಮೇಲೆ ನೋಡೋಣ. ಮೊದಲು ಇದು ಯಾವ ಗಿಡದ್ದು ಹೇಳು.

ಅವರು ಒಂದು ಬೋರ್ಡೆತ್ತಿ ಗಟ್ಟಿಯಾಗಿ ಓದಿದರು. ಗಂಟಲು ಕೆರೆದು ಶುರುವಾಗಿ ಕೆಮ್ಮಿನಲ್ಲಿ ಮುಗಿಯುವಂಥ ಹೆಸರು.

ತೋಟದಮ್ಮ: ಬೈದ್ರಾ?

ಪ್ರೊಫೆಸರ್: ವೈಜ್ಞಾನಿಕ ಹೆಸರು!

ತೋಟದಮ್ಮ: ನೀವೇ ಹೆಸರಿಟ್ಟ ಗಿಡ. ಮಗು ಮುಖ ನೋಡಿದ್ರೆ ಅಪ್ಪನಿಗೆ ಗುರುತು ಸಿಗಲ್ವಾ?

ಪ್ರೊಫೆಸರ್: ನಾನು ನಕ್ಷೆ ಮಾಡಿದವನು ಕಣಮ್ಮ. ನಕ್ಷೆಯಲ್ಲಿ ಇಲ್ಲೊಂದು ಹಸಿರು ವೃತ್ತ ಇದೆ.

ತೋಟದಮ್ಮ: ಅದರ ಪಕ್ಕ?

ಪ್ರೊಫೆಸರ್: ಅದೂ ಹಸಿರು ವೃತ್ತ. ಸ್ವಲ್ಪ ಸಣ್ಣದು.

ತೋಟದಮ್ಮ: ನೂರಹನ್ನೆರಡೂ ದುಂಡಗೇನಾ? ಹಾಗಾದ್ರೆ ನೀವು ಬರೆದಿದ್ದು ತೋಟ ಅಲ್ಲ ಸಾರ್, ಅಂಗಿ ಗುಂಡಿ ಮಾರೋ ಅಂಗಡಿ.

ಪ್ರೊಫೆಸರ್: ನಿನಗೆ ಗಿಡ ಗೊತ್ತು ತಾನೇ? ಒಂದೊಂದೇ ಹೇಳ್ತಾ ಹೋಗು, ನಾನು ಪುಸ್ತಕದಲ್ಲಿ ಹುಡುಕ್ತೀನಿ.

ತೋಟದಮ್ಮ: ಬರ್ಕೊಳ್ಳಿ. ಇದು ಅಳುಮುಂಜಿ. ಎರಡು ಬಕೆಟ್ ಕುಡಿದ್ರೂ ತಲೆ ಬಗ್ಗಿಸ್ಕೊಂಡೇ ಇರುತ್ತೆ. ಅದು ಜಗಳಗಂಟಿ, ಹತ್ತಿರ ಹೋದೋರ ಬಟ್ಟೆ ಹಿಡ್ಕೊಂಡು ಬಿಡಲ್ಲ. ಆ ಮೂಲೇಲಿರೋದು ಹೆಡ್ ಕ್ಲರ್ಕು.

ಪ್ರೊಫೆಸರ್: ಹೆಡ್ ಕ್ಲರ್ಕ್ ಯಾಕೆ?

ತೋಟದಮ್ಮ: ಬೆಳೆಯಲ್ಲ, ಸಾಯಲ್ಲ, ಜಾಗಾನೂ ಬಿಡಲ್ಲ.

ಪ್ರೊಫೆಸರ್ ಪುಸ್ತಕ ಮುಚ್ಚಿದರು. ಹೆಸರು ಹೋದರೆ ಹೋಗಲಿ, ಒಂದೊಂದು ಗಿಡದ ಬುಡಕ್ಕೂ ಸಿಕ್ಕ ಬೋರ್ಡು ಚುಚ್ಚಿಬಿಡೋಣ ಎಂದು ಗಿಡ ಎಣಿಸಲು ಹೊರಟರು. ಮೂರು ವರ್ಷದಲ್ಲಿ ಇದೇ ಮೊದಲ ಸಲ. ಒಂದು ಸುತ್ತು ಬಂದರು. ಲೆಕ್ಕ ತಪ್ಪಿತೆಂದು ಮತ್ತೊಂದು ಸುತ್ತು ಬಂದರು. ಮೂರನೆಯ ಸುತ್ತಿಗೆ ಮುಖ ಬೆಳ್ಳಗಾಗಿತ್ತು.

ಪ್ರೊಫೆಸರ್: ನಲವತ್ತೊಂದು! ಮಿಕ್ಕ ಎಪ್ಪತ್ತೊಂದು ಎಲ್ಲಿ?

ತೋಟದಮ್ಮ: ಸತ್ತವು. ಮೊದಲನೇ ಬೇಸಿಗೇಲೇ ಅರವತ್ತು ಹೋದ್ವು. ನಿಮಗೆ ಹೇಳೋಕೆ ಬಂದಿದ್ದೆ. ನೀವು ಯಾವ್ದೋ ದೇಶದಲ್ಲಿ ಈ ತೋಟದ ಬಗ್ಗೆ ಭಾಷಣ ಮಾಡ್ತಿದ್ರಿ.

ಪ್ರೊಫೆಸರ್: ಮತ್ತೆ ಪ್ರತಿ ವರ್ಷ ಆ ಸಂಶೋಧನೆ ಹುಡುಗಿ ಬಂದು ನೂರಹನ್ನೆರಡು ಅಂತ ಎಣಿಸಿಕೊಂಡು ಹೋಗ್ತಿದ್ಳಲ್ಲ!

ತೋಟದಮ್ಮ: ಬೋರ್ಡ್ ಎಣಿಸ್ತಿದ್ಳು. ನಡು ಮಧ್ಯಾಹ್ನದ ಬಿಸಿಲು, ಪಾಪ, ನಾನೇ ಕೊಡೆ ಹಿಡಿದಿದ್ದೆ. ‘ಎಲ್ಲಾ ಇವೆಯೇನಮ್ಮ’ ಅಂದ್ಳು. ಇವೆ, ಒಂದಕ್ಕೂ ತುಕ್ಕು ಹಿಡಿದಿಲ್ಲ ಅಂದೆ.

ಪ್ರೊಫೆಸರ್ ಅಲ್ಲೇ ಕುಕ್ಕರಿಸಿದರು. ಆ ನೂರಕ್ಕೆ ನೂರರ ಮೇಲೆ ಎರಡು ಪ್ರಬಂಧ, ಒಂದು ಪ್ರಶಸ್ತಿ ನಿಂತಿದ್ದವು. ಆದರೆ ಓದಿದ ತಲೆ, ಬಿದ್ದರೂ ಮೀಸೆ ಮಣ್ಣಾಗಲು ಬಿಡುತ್ತದೆಯೇ?

ಪ್ರೊಫೆಸರ್: ಖಾಲಿ ನೆಲದಲ್ಲೂ ಬೋರ್ಡ್ ಚುಚ್ಚಿಬಿಡು. ಸಸ್ಯ ಸುಪ್ತಾವಸ್ಥೆಯಲ್ಲಿದೆ ಅಂತೀನಿ. ಮೇಲೆ ಕಾಣಲ್ಲ, ಒಳಗೆ ಜೀವ ಇರುತ್ತೆ.

ತೋಟದಮ್ಮ: ನಮ್ಮ ಯಜಮಾನ್ರೂ ಹದಿನೈದು ವರ್ಷದಿಂದ ಅದೇ ಅವಸ್ಥೇಲಿದ್ದಾರೆ. ನಾನು ಬೋರ್ಡ್ ಹಾಕಿಲ್ಲ, ಅಷ್ಟೆ.

ಪ್ರೊಫೆಸರ್: ತಮಾಷೆ ಅಲ್ಲ ಇದು! ಹುಲ್ಲುಕಡ್ಡಿಗೂ ಬದುಕೋ ಹಕ್ಕಿದೆ ಅಂತ ಪಾಠ ಮಾಡೋ ನನ್ನ ಮಾನದ ಪ್ರಶ್ನೆ.

ತೋಟದಮ್ಮ: ಹಾಗಾದ್ರೆ ನನ್ನನ್ನೂ ಹುಲ್ಲುಕಡ್ಡಿ ಅಂತ ಬರ್ಕೊಳ್ಳಿ ಸಾರ್. ಎಪ್ಪತ್ತೊಂದು ಬೋರ್ಡ್ ಖಾಲಿ ಇದ್ಯಲ್ಲ.

ಅಷ್ಟರಲ್ಲಿ ಗ್ರಂಥಾಲಯದ ಮೂಲೆ ತಿರುಗಿ ಬಂದೇ ಬಿಟ್ಟರು ಸಮಿತಿಯ ಹಿರಿಯಮ್ಮ. ಇಪ್ಪತ್ತು ನಿಮಿಷ ಮುಂಚೆ, ಒಬ್ಬರೇ, ಕೆಸರು ಮೆತ್ತಿದ ಬೂಟು ಹಾಕಿಕೊಂಡು. ಪ್ರೊಫೆಸರ್ ಕೋಟು ಬಿಚ್ಚಿ ತೊಟ್ಟಿಯ ಮೇಲೆ ಹಾಸಿ ಅದರ ಅಂಚಿನ ಮೇಲೆ ಕೂತುಬಿಟ್ಟರು.

ಹಿರಿಯಮ್ಮ: ಬೋರ್ಡುಗಳೇ ಇಲ್ಲವಲ್ಲ?

ಪ್ರೊಫೆಸರ್: ಉದ್ದೇಶಪೂರ್ವಕ ಮೇಡಂ. ಹೆಸರಿಡೋದು ಅಂದ್ರೆ ಅಧಿಕಾರ ಚಲಾಯಿಸೋದು. ಗಿಡವನ್ನ ಕೇಳದೆ ಅದರ ಕುತ್ತಿಗೆಗೆ ಹೆಸರು ನೇತುಹಾಕೋಕೆ ನಾವು ಯಾರು?

ಹಿರಿಯಮ್ಮ: ಓಹೋ. ನೂರಹನ್ನೆರಡೂ ಬದುಕಿವೆ?

ಪ್ರೊಫೆಸರ್: ತಮ್ಮ ಪಾಡಿಗೆ ತಾವು.

ಹಿರಿಯಮ್ಮ: (ಮಂಡಿಯೂರಿ ಅಳುಮುಂಜಿಯ ಬುಡಕ್ಕೆ ಬೆರಳು ತೂರಿಸಿ) ಒದ್ದೆ ಇದೆಯಲ್ಲ?

ಪ್ರೊಫೆಸರ್: ಇಬ್ಬನಿ.

ಹಿರಿಯಮ್ಮ: ಬೆರಳುದ್ದ ಇಬ್ಬನಿ? ಬಕೆಟ್ ಪಕ್ಕ ನಿಂತಿರೋ ಇವರು ಯಾರು?

ಪ್ರೊಫೆಸರ್ ತೋಟದಮ್ಮನತ್ತ ನೋಡಿದರು. ಈಗ ಬಾಯಿ ಬಿಡುತ್ತಾಳೆ, ಮುಗಿಯಿತು ಕಥೆ ಎಂದುಕೊಂಡರು. ಅವಳು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿಕೊಂಡಳು, ಅಷ್ಟೆ. ಬೈದಿದ್ದರೆ ಅವರು ತಿರುಗಿ ಬೈಯಬಹುದಿತ್ತು. ಅವಳ ಕಣ್ಣು ತಪ್ಪಿಸಲು ಕೂತಲ್ಲೇ ಹೊರಳಿದರು. ಸೋಪಿನ ತೊಟ್ಟಿ ಜಾರಿತು. ಪ್ರೊಫೆಸರ್ ಅಂಗಾತ ಬಿದ್ದರು, ಮೈಮೇಲೆ ನೂರಹನ್ನೆರಡು ಬೋರ್ಡು ಗಲಗಲನೆ ಸುರಿದವು. ಹಿರಿಯಮ್ಮ ಬಗ್ಗಿ, ಅವರ ಎದೆಯ ಮೇಲಿದ್ದದ್ದನ್ನು ಓದಿದರು.

ಹಿರಿಯಮ್ಮ: ‘ಸ್ಥಳೀಯ ಸಸ್ಯ. ದಯವಿಟ್ಟು ತುಳಿಯಬೇಡಿ.’ ಸರಿ, ತುಳಿಯಲ್ಲ. ಎಷ್ಟು ಬದುಕಿವೆ ಹೇಳಿ.

ಪ್ರೊಫೆಸರ್: (ಮಲಗಿದಲ್ಲಿಂದಲೇ) ನಲವತ್ತೊಂದು.

ಹಿರಿಯಮ್ಮ: ಬದುಕಿಸಿದ್ದು?

ಪ್ರೊಫೆಸರ್: ಇವರು. ದಿನಕ್ಕೆ ನಲವತ್ತು ಬಕೆಟ್. ಇವರ ಹುದ್ದೆ ಹೋಗಿರೋದು ನನ್ನ ವರದಿಯಿಂದ.

ಅವರು ನಿಜ ಹೇಳಿದ್ದು ಧೈರ್ಯದಿಂದಲ್ಲ, ಸುಳ್ಳಿನ ದಾಸ್ತಾನು ಮುಗಿದಿದ್ದರಿಂದ. ಆದರೂ ನಿಜ ನಿಜವೇ. ಹಿರಿಯಮ್ಮ ಪುಸ್ತಕ ತೆಗೆದು, ಬರೆಯುತ್ತಲೇ ಓದಿದರು.

ಹಿರಿಯಮ್ಮ: ‘ಗಿಡ ನಲವತ್ತೊಂದು. ತೋಟಗಾರ್ತಿ ಒಬ್ಬರು, ಅತ್ಯಗತ್ಯ. ಹುದ್ದೆ ಉಳಿಸದಿದ್ದರೆ ತೋಟಕ್ಕೆ ಮಾನ್ಯತೆ ಇಲ್ಲ.’ ಈ ವರ್ಷ ಹತ್ತೊಂಬತ್ತು ತೋಟ ನೋಡಿದೆ ಪ್ರೊಫೆಸರೇ. ಎಲ್ಲಾ ಕಡೆ ನೂರಕ್ಕೆ ನೂರು. ಗಿಡ ಸತ್ತಿದೆ ಅಂತ ಬಾಯಿಬಿಟ್ಟು ಹೇಳಿದವರು ನೀವೊಬ್ಬರೇ. ಅದೂ ಬಿದ್ದಮೇಲೆ.

ಅವರು ಹೋದರು. ಪ್ರೊಫೆಸರ್ ಎದ್ದು ಕೋಟು ಹಿಂಡಿದರು. ತೋಟದಮ್ಮ ಚೆಲ್ಲಿದ ಬೋರ್ಡುಗಳ ರಾಶಿಯಿಂದ ಒಂದನ್ನೆತ್ತಿ ಅಳುಮುಂಜಿಯ ಬುಡಕ್ಕೆ ಚುಚ್ಚಿದಳು. ಇನ್ನೊಂದನ್ನು ಜಗಳಗಂಟಿಗೆ. ಇನ್ನೊಂದನ್ನು ಹೆಡ್ ಕ್ಲರ್ಕಿಗೆ. ತಡವರಿಸಲಿಲ್ಲ, ಯೋಚಿಸಲಿಲ್ಲ. ಪ್ರೊಫೆಸರ್ ಪುಸ್ತಕ ತೆಗೆದು ಚಿತ್ರ ಹೋಲಿಸಿದರು. ಎಲ್ಲವೂ ಸರಿ.

ಪ್ರೊಫೆಸರ್: ಏ! ನಿನಗೆ ಗೊತ್ತಿತ್ತಾ?

ತೋಟದಮ್ಮ: ನಾನೇ ಕಿತ್ತಿದ್ದು ಸಾರ್. ಒಂದರ ಮೂಲೆ ಸೊಟ್ಟ, ಒಂದರ ಬಣ್ಣ ಹೋಗಿದೆ. ಗೊತ್ತಾಗಲ್ವಾ?

ಪ್ರೊಫೆಸರ್: ಮತ್ತೆ ಬೆಳಗ್ಗೆಯಿಂದ ನನ್ನನ್ನ ಕುಣಿಸಿದ್ದು ಯಾಕೆ?

ತೋಟದಮ್ಮ: ಮೂರು ವರ್ಷದಿಂದ ನೀವು ಗಿಡ ಎಣಿಸಿರ್ಲಿಲ್ಲ. ಬೋರ್ಡ್ ಇದ್ದಿದ್ರೆ ಇವತ್ತೂ ಎಣಿಸ್ತಿರ್ಲಿಲ್ಲ.

ನಲವತ್ತೊಂದು ಬೋರ್ಡು ಮುಗಿಯಿತು. ಅವಳು ಬಕೆಟ್ ಎತ್ತಿಕೊಂಡು ನಲ್ಲಿಯತ್ತ ಹೊರಟಳು.

ಪ್ರೊಫೆಸರ್: ಮತ್ತೆ ಈ ಎಪ್ಪತ್ತೊಂದು?

ತೋಟದಮ್ಮ: ಅವು ನಿಮ್ಮವು ಸಾರ್. ಬೇಕಾದ ಕಡೆ ನೆಟ್ಕೊಳ್ಳಿ. ನೀರೂ ಬೇಡ, ಆಳೂ ಬೇಡ. ನೂರಕ್ಕೆ ನೂರು ಬದುಕ್ತವೆ.