ಹೊಂದದ ಡೀಬಗ್ ಕಟ್ಟು

ಸಿದ್ದಬಸಪ್ಪನವರು ಲಿಂಗೈಕ್ಯರಾದ ಸುದ್ದಿ ವಿಜಯನಗರದ ಕಚೇರಿಗೆ ತಲುಪಿದ ಬೆಳಿಗ್ಗೆಯೇ, ಅವರೇ ಬರೆದ, ಗ್ರಂಥಾಲಯಗಳಲ್ಲಿ ಪುಸ್ತಕ ಕೊಡುವ ತಂತ್ರಾಂಶವೂ ಮುಗ್ಗರಿಸಿ ನಿಂತಿತು. ಎಲ್ಲಿ ಮುಗ್ಗರಿಸಿತೆಂದು ಕಚೇರಿಯ ಹಂಗಾಮಿ ನೌಕರ ಚನ್ನವೀರೇಶನಿಗೆ ತಿಳಿಯಲಿಲ್ಲ. ಪರದೆಯ ತುಂಬ ಬರೀ ಅಂಕಿಗಳು, ಊರಿನ ಹೆಸರಿಲ್ಲದ ಪಿನ್‌ಕೋಡುಗಳಂತೆ. ಯಾವ ಅಂಕಿ ಮೂಲ ಬರಹದ ಯಾವ ಸಾಲಿನದೆಂದು ತಿಳಿಸುವ ಡೀಬಗ್ ಮಾಹಿತಿ ಬಲು ಭಾರ. ಅದನ್ನು ತಂತ್ರಾಂಶದ ಜೊತೆ ಕಳಿಸದೆ ಬೇರೆ ಕಟ್ಟಾಗಿ ಇಡುವುದು ಪದ್ಧತಿ. ಆ ಕಟ್ಟು ಇದ್ದದ್ದು ಸಿದ್ದಬಸಪ್ಪನವರ ಮನೆಯ ಕಂಪ್ಯೂಟರಿನಲ್ಲಿ ಮಾತ್ರ.

"ಸಂಜೆಯೊಳಗೆ ಕಾರಣ ಹೇಳಿ ಚನ್ನವೀರೇಶ್. ಇಲ್ಲಾಂದ್ರೆ ನಿಮ್ಮ ಕೆಲಸ ಖಾಯಂ ಮಾಡಿ ಅಂತ ಮೇಲೆ ಹೇಳೋಕಾಗಲ್ಲ," ಎಂದರು ಮೇಲಧಿಕಾರಿ ರಮ್ಯ.

ಹೇರೋಹಳ್ಳಿಯ ಮನೆಯಲ್ಲಿ ಹಿರಿಯರನ್ನು ಹೂವಿನ ನಡುವೆ ಕೂರಿಸಿದ್ದರು. ಅವರೆದುರು ಕಂಪ್ಯೂಟರ್ ಎಲ್ಲಿ ಎಂದು ಹೇಗೆ ಕೇಳುವುದು? ಅಳುಕುತ್ತ ನಿಂತವನನ್ನು ಪಕ್ಕದ ಮನೆಯ ದೊಡ್ಡಹನುಮಯ್ಯ ಹಿಡಿದರು.

"ಭಜನೆಯವರೇನಪ್ಪಾ? ತಾಳ ತಂದಿಲ್ವಾ? ತಗೋ, ನಂದೇ ಹೊಡಿ."

ಮಧ್ಯಾಹ್ನದವರೆಗೆ ತಾಳ ಹೊಡೆದ ಮೇಲೆ ಚನ್ನವೀರೇಶ ಮೆಲ್ಲಗೆ ವಿಷಯ ತೆಗೆದ.

"ಓ, ಅದಾ," ಎಂದರು ದೊಡ್ಡಹನುಮಯ್ಯ. "ಶ್ರದ್ಧಾಂಜಲಿ ಫ್ಲೆಕ್ಸ್ ಮಾಡ್ಸೋಕೆ ಕಂಪ್ಯೂಟ್ರಲ್ಲಿ ಜಾಗ ಇರ್ಲಿಲ್ಲ. ದೊಡ್ಡದಾಗಿರೋದನ್ನೆಲ್ಲ ಅಳಿಸ್ಬಿಡಮ್ಮ ಅಂತ ಆ ಶಿವಾನಿಗೆ ಹೇಳ್ದೆ, ಅವರ ತಮ್ಮನ ಮಗಳಿಗೆ. ತೆಗೆದು ನೋಡಿದ್ರೆ ಒಂದಕ್ಷರ ಓದೋಕಾಗ್ತಿರ್ಲಿಲ್ಲ. ಕೆಟ್ಟೋಗಿತ್ತು ಅನ್ಸುತ್ತೆ."

ಚನ್ನವೀರೇಶನ ಮುಖ ಆರಿದ ಮುದ್ದೆಯಂತಾಯಿತು. ಸಿದ್ದಬಸಪ್ಪನವರ ಪತ್ನಿ ಜಗದಾಂಬಾ ಅವನನ್ನು ಕರೆದರು. "ಅವರ ಕೆಲಸ ನಿಲ್ಲಬಾರದು. ಕೂತು ಮಾಡಪ್ಪಾ."

ಆ ಕಂಪ್ಯೂಟರಿನ ಮುಂದೆ ಕೂತು, ಅದೇ ಮೂಲ ಬರಹದಿಂದ ತಂತ್ರಾಂಶವನ್ನು ಮೊದಲಿನಿಂದ ಕಟ್ಟಿದ. ಹೊಸ ಡೀಬಗ್ ಮಾಹಿತಿಯೂ ಬಂತು. ಆದರೆ ಅದು ಗ್ರಂಥಾಲಯಗಳಲ್ಲಿದ್ದ ಹಳೆಯ ತಂತ್ರಾಂಶಕ್ಕೆ ಹೊಂದಲೊಲ್ಲದು. ಒಂದೇ ಹಿಟ್ಟು, ಒಂದೇ ಹೆಂಚು ಎಂದ ಮಾತ್ರಕ್ಕೆ ಎರಡು ದೋಸೆಗಳ ತೂತುಗಳು ಒಂದರ ಮೇಲೊಂದು ಕೂರುವುದುಂಟೆ?

"ಬೋಲ್ಟಿಗೆ ನಟ್ಟು ಕೂರ್ಲಿಲ್ಲ ಅಂದ್ರೆ ಎರಡನ್ನೂ ಬದಲಾಯಿಸ್ತಾರಪ್ಪ. ಅಷ್ಟೂ ಗೊತ್ತಿಲ್ವಾ," ಎಂದರು ಹಿಂದೆ ನಿಂತಿದ್ದ ದೊಡ್ಡಹನುಮಯ್ಯ.

ಗೊಂದಲದ ತಲೆಗೆ ಆ ಮಾತು ದೈವವಾಣಿಯಂತೆ ಕೇಳಿತು. ಚನ್ನವೀರೇಶ ಅಲ್ಲಿಂದಲೇ ಎಲ್ಲ ಗ್ರಂಥಾಲಯಗಳ ಹಳೆಯ ತಂತ್ರಾಂಶವನ್ನೂ ಬೆಳಗಿನ ಅಂಕಿಗಳನ್ನೂ ಅಳಿಸಿ ಹೊಸದನ್ನು ಹಾಕಿದ. ಇನ್ನೊಮ್ಮೆ ಮುಗ್ಗರಿಸಿದರೆ ಸಾಕು, ಸಾಲು ತಾನಾಗಿ ಗೊತ್ತಾಗುತ್ತದೆ. ಕಾದ. ಹೊಸ ತಂತ್ರಾಂಶವೋ ಹೊಸ ಅಳಿಯನಂತೆ ಒಂದು ತಪ್ಪೂ ಮಾಡದೆ ನಡೆದುಕೊಂಡಿತು.

ರಮ್ಯ ಫೋನ್ ಮಾಡಿದರು. "ಸರಿಹೋಯ್ತಂತಲ್ಲ. ಏನಾಗಿತ್ತು?"

"ಗೊತ್ತಾಗ್ಲಿಲ್ಲ ಮೇಡಂ."

"ಸುಮ್ನೆ ಸರಿಹೋಗಿದ್ದು ಸುಮ್ನೆ ಕೆಡುತ್ತೆ. ನಾನು ಕೇಳಿದ್ದು ಕಾರಣ," ಎಂದು ಇಟ್ಟುಬಿಟ್ಟರು.

ಅಷ್ಟರಲ್ಲಿ ಶಿವಾನಿ ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಣ್ಣಾ, ಅಂಕಲ್‌ಗೆ ಹೇಳ್ಬೇಡಿ. ದೊಡ್ಡಪ್ಪಂದು ಅಂತ ಪೂರ್ತಿ ಅಳಿಸೋಕೆ ಮನಸ್ಸಾಗ್ಲಿಲ್ಲ. ಎಲ್ಲಾ ಪೆನ್‌ಡ್ರೈವಿಗೆ ಹಾಕಿಟ್ಟಿದೀನಿ. ನಿಮಗೇನಾದ್ರೂ ಬೇಕಾಗುತ್ತಾ?"

ಡೀಬಗ್ ಕಟ್ಟು ಒಂದಿಷ್ಟೂ ಮುಕ್ಕಾಗದೆ ಅದರಲ್ಲಿತ್ತು. ಸಾಕ್ಷಿ ಸಿಕ್ಕಿತು. ಎಡವಿ ಬಿದ್ದ ತಂತ್ರಾಂಶವನ್ನು ಮಾತ್ರ, ಅದರ ಅಂಕಿಗಳ ಸಮೇತ, ಚನ್ನವೀರೇಶ ಕೈಯಾರೆ ಎಲ್ಲ ಕಡೆಯಿಂದಲೂ ಅಳಿಸಿಹಾಕಿದ್ದ.

ಹೊರಗೆ ಹಿರಿಯರನ್ನು ಕೂರಿಸಿ ಒಯ್ಯುವ ಹೂವಿನ ವಿಮಾನ ಕಟ್ಟಿಯಾಗಿತ್ತು. ಅವರನ್ನು ಎತ್ತುವ ಮುನ್ನ ಜಗದಾಂಬಾ ಕೈಮುಗಿದರು. ಪೆನ್‌ಡ್ರೈವ್ ಹಿಡಿದ ಕೈಯನ್ನೇ ಜೋಡಿಸಿ ಚನ್ನವೀರೇಶನೂ ಕಣ್ಣು ಮುಚ್ಚಿದ. ತನ್ನ ಕೆಲಸವನ್ನು ಬೇಡಬೇಕೆಂದುಕೊಂಡ. ಬಾಯಿಗೆ ಬಂದದ್ದು ಬೇರೆ.

"ಪರಶಿವನೇ, ಎಲ್ಲವನ್ನೂ ಜೋಪಾನವಾಗಿ ಇಟ್ಟ ಜೀವ ಇದು. ಇನ್ನು ಇವರನ್ನು ನೀನು ಜೋಪಾನ ಮಾಡು. ನಿನ್ನ ಪಾದದಲ್ಲಿ ಇವರಿಗೆ ಶಾಂತಿ ಸಿಗಲಿ."