ಪ್ಲಾಸ್ಟಿಕ್ ಕಣ, ಮಾವ!

ಎರಡೇ ಅಕ್ಷರದ ಒಂದು ಮಾತು ಚಲುವರಾಜುವನ್ನು ಮುಳುಗಿಸಿತು. ಅದು ಬೈಗುಳವಲ್ಲ, ಶಾಪವೂ ಅಲ್ಲ. ನಮ್ಮ ಕಡೆಯವರು ದಿನಕ್ಕೆ ನೂರು ಸಲ ಆಡುವ ಮಾತು.

ಚಲುವರಾಜು ವೀರನಹೊಸಹಳ್ಳಿ ಹತ್ತಿರ ಗಂಗಾಧರಪ್ಪನವರ ತೋಟದ ಮನೆಯಲ್ಲಿ ಮಾಲಿ. ಗಂಗಾಧರಪ್ಪನವರು ಮೈಸೂರಿನ ಕಂಟ್ರಾಕ್ಟರು. ಹಿತ್ತಲಿನಲ್ಲಿ ಈಜುಕೊಳ ಕಟ್ಟಿಸಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ, ಆ ಮಾತು ಬೇರೆ. ಕೊಳದ ಔಷಧಿ ನೀರು ಸಿಡಿದು ಸಿಡಿದು ಸುತ್ತಲ ಹುಲ್ಲು ಮೂರು ಸಲ ಸುಟ್ಟುಹೋದ ಮೇಲೆ, ಅವರು ಬೆಂಗಳೂರಿನಿಂದ ಆರು ಸುರುಳಿ ಪ್ಲಾಸ್ಟಿಕ್ ಹುಲ್ಲು ತರಿಸಿಬಿಟ್ಟರು.

"ಭಾನುವಾರ ಸಾಯಂಕಾಲ ಐದಕ್ಕೆ ನೆಂಟರು ಬರ್ತಾರೆ. ಅಷ್ಟರೊಳಗೆ ಹಾಸಿ ಮುಗಿಸಿರು. ಅವರು ಮೆಚ್ಚಿದ್ರೆ ಔಟ್‌ಹೌಸ್ ಬೀಗದ ಕೈ ನಿನಗೆ" ಎಂದಿದ್ದರು.

ಔಟ್‌ಹೌಸೆಂದರೆ ಶೀಟು ಹೊದಿಸಿದ ಎರಡು ಕೋಣೆ, ಅಷ್ಟೆ. ಆದರೆ ಚಲುವರಾಜುವಿಗೆ ಅದೇ ಅರಮನೆ. ಯಾಕೆಂದರೆ ಅವನು ಮನೆ ಅಳಿಯ. ಆರು ವರ್ಷದಿಂದ ಮಾವ ಸಣ್ಣಬೀರಯ್ಯನ ಹಜಾರದಲ್ಲಿ ಮಲಗಿ, ಮಾವ ಕೂತರೆ ನಿಂತು, ಮಾವ ಉಂಡ ಮೇಲೆ ಉಂಡು ಬದುಕುತ್ತಿದ್ದ. ಹೆಂಡತಿ ಸುಕನ್ಯಳ ಜೊತೆ ಒಂದು ಜಗಳ ಆಡಿದರೂ ತೀರ್ಪು ಮಾವನದೇ. ತೀರ್ಪು ಒಂದು ದಿನವೂ ಅಳಿಯನ ಕಡೆಗೆ ಆದದ್ದಿಲ್ಲ.

ಭಾನುವಾರ ಕೋಳಿ ಕೂಗುವ ಮೊದಲೇ ಹೋಗಿ ಕೆಲಸ ಹಿಡಿದ. ಹನ್ನೊಂದು ಗಂಟೆಗೆ ಐದೂವರೆ ಸುರುಳಿ ಅಂಟಿಸಿದ್ದ, ಸೊಂಟ ಬಿದ್ದುಹೋಗಿತ್ತು, ಅಂಟು ಮುಗಿದಿತ್ತು. ಹುಣಸೂರಿಗೆ ಹೋಗಿ ತರಲೇಬೇಕು. ಅಷ್ಟರಲ್ಲಿ ಅಳಿಯನ ಘನಕಾರ್ಯ ನೋಡಲು ಮಾವ ಕೋಲೂರಿಕೊಂಡು ಬಂದ, ಹಿಂದೆ ಅತ್ತೆ ಮಲ್ಲಾಜಮ್ಮ.

"ಇದೇನ್ ಅಳಿಯಂದ್ರೇ, ಇಷ್ಟಗಲ ಆಸಿದೀರಿ?"

ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಚಲುವರಾಜು ಓಡುತ್ತಲೇ ಕೂಗಿದ: "ಪ್ಲಾಸ್ಟಿಕ್ ಕಣ ಮಾವ! ಬಿಸ್ಲಲ್ಲಿ ಚೆನ್ನಾಗಿ ಒಣಗ್ಬೇಕು. ನಾನು ಬರಗಂಟ ವಸಿ ನೋಡ್ಕಳಿ!"

ಅವನು ಹೇಳಿದ್ದು ಅಂಟು ಒಣಗಬೇಕು ಅಂತ. ಆದರೆ ಅದು ಸುಗ್ಗಿಯ ಕಾಲ.

ಭಾನುವಾರವಾದ್ದರಿಂದ ಅಂಗಡಿಯವನ ಮನೆ ಹುಡುಕಿ, ಅವನನ್ನು ನಿದ್ದೆಯಿಂದ ಎಬ್ಬಿಸಿ, ಡಬ್ಬ ಹಿಡಿದು ವಾಪಸಾಗುವಾಗ ಮೂರೂವರೆ. ಹಿತ್ತಲಿಗೆ ಬಂದು ನೋಡಿದ. ಹಸಿರೇ ಕಾಣಲಿಲ್ಲ. ಕೊಳದ ಸುತ್ತ ರಾಗಿ ತೆನೆ ಹರಡಿತ್ತು. ಅತ್ತೆಯೂ ಪಕ್ಕದ ಮನೆಯ ಚಿಕ್ಕಬಸಮ್ಮನೂ ಸೆರಗು ಸಿಕ್ಕಿಸಿಕೊಂಡು ದೊಣ್ಣೆಯಲ್ಲಿ ಬಡಿಯುತ್ತಿದ್ದರು. ಒಂದು ಮೂಲೆಗೆ ಸಗಣಿ ಸಾರಿಸಿಯೂ ಆಗಿತ್ತು.

"ಅಯ್ಯೋ ಮಾವ! ಇದೇನ್ ಮಾಡುದ್ರಿ?"

"ನೀವೇ ಏಳುದ್ರಲ್ಲ, ಪ್ಲಾಸ್ಟಿಕ್ ಕಣ ಅಂತ! ಕಣ ಅಂದ್ಮೇಲೆ ರಾಗಿ ಆಕ್ದೆ ಇನ್ನೇನಾಕಾರು? ಅಳಿಯ ಅಂದ್ರೆ ಇಂಗಿರ್ಬೇಕು ಅಂತ ಊರ್ಗೆಲ್ಲ ಏಳ್ಕಂಡ್ ಬಂದೆ."

"ಕಣ ಅಲ್ಲ ಮಾವ! ಇದು ಉಲ್ಲು ಕಣ! ಉಲ್ಲು ಕಣ!"

"ಅದೇಯ, ಉಲ್ಲಿನ ಕಣ. ನಂಗೇನು ಕಿವುಡಾ?"

ಚಲುವರಾಜು ಕುಸಿದು ಕೂತ. ಕೂತಲ್ಲಿ ಎದುರಿಗೆ ಒಂದು ಸಗಣಿ ಬೆನಕ, ಅದರ ನೆತ್ತಿಯ ಮೇಲೆ ಮಿರಮಿರ ಮಿಂಚುವ ಗರಿಕೆ.

"ಗರಿಕೆ ಸಿಕ್ನಿಲ್ಲ, ಇಲ್ಲೇ ನಾಕ್ ಎಳೆ ಕಿತ್ಕಂಡೆ. ಬೇರು ಬಲು ಗಟ್ಟಿ ಕಣ್ರೀ!" ಎಂದ ಮಾವ, ಮೆಚ್ಚುಗೆಯಿಂದ.

ಅತ್ತು ಕರೆದು ತೆನೆಯನ್ನೆಲ್ಲ ಎತ್ತಿಸಿದ, ಸಗಣಿ ತೊಳೆದ, ಉಳಿದಿದ್ದ ಅರ್ಧ ಸುರುಳಿಯನ್ನೂ ಅಂಟಿಸಿದ. ಆದರೆ ಉದುರಿದ ಕಾಳು ಎಸಳುಗಳ ಬುಡಕ್ಕಿಳಿದು ಕೂತಿತ್ತು. ಪೊರಕೆ ಆಡಿಸಿದಷ್ಟೂ ಇನ್ನೂ ಒಳಕ್ಕೆ ಹೋಯಿತು. ಗಂಟೆ ನಾಲ್ಕೂಕಾಲು. ಆರು ವರ್ಷ ಕಾದ ಬೀಗದ ಕೈ ಕಣ್ಣೆದುರೇ ಕೈ ತಪ್ಪುತ್ತಿತ್ತು. ಮಂಡಿಯೂರಿ ಒಂದೊಂದೇ ಕಾಳು ಹೆಕ್ಕತೊಡಗಿದ, ಕಣ್ಣೀರು ತೊಟತೊಟ ಬಿತ್ತು.

ಮಾವನಿಗೆ ನಿಜಕ್ಕೂ ಕರುಳು ಚುರುಕ್ಕೆಂದಿತು. "ಅಳ್ಬ್ಯಾಡಿ ಬುಡಿ. ಕಾಳು ಆಯಕ್ಕೆ ಮನುಸ್ರೇ ಆಗ್ಬೇಕಾ?" ಎಂದವನೇ ಮನೆಗೆ ಹೋಗಿ ಹದಿನಾಲ್ಕು ಕೋಳಿ ತಂದು ಬಿಟ್ಟ.

ಕೋಳಿಗಳು ಒಂದು ಕಾಳನ್ನೂ ಬಿಡಲಿಲ್ಲ. ಆದರೆ ತಿಂದದ್ದಕ್ಕೆ ಪ್ರತಿಯಾಗಿ ಅಲ್ಲಲ್ಲಿ ಕಾಣಿಕೆಯನ್ನೂ ಹಾಕಿದವು. ಚಲುವರಾಜು ಒಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹುಂಜದ ಹಿಂದೆ ಓಡಿದ. ಹುಂಜ ಕೊಳದ ಅಂಚಿನಲ್ಲಿ ಸರಕ್ಕನೆ ತಿರುಗಿತು, ಅವನು ತಿರುಗಲಿಲ್ಲ. ದುಡುಮ್ಮನೆ ನೀರಿಗೆ ಬಿದ್ದ.

ಮೇಲೆದ್ದು ಕಣ್ಣೊರೆಸಿಕೊಂಡರೆ ಎದುರಿಗೆ ಗಂಗಾಧರಪ್ಪನವರು, ಅವರ ಹಿಂದೆ ನೆಂಟರ ಹಿಂಡು. ಐದಕ್ಕಿನ್ನೂ ಹತ್ತು ನಿಮಿಷ ಇತ್ತು. ಗಂಗಾಧರಪ್ಪನವರ ಮುಖ ಕೆಂಡವಾಗಿತ್ತು. ಅವರು ಬಾಯಿ ತೆರೆಯುವುದರೊಳಗೆ ಅವರ ತಂಗಿ ಸುಧಾ ಚಪ್ಪಾಳೆ ತಟ್ಟಿದಳು.

"ಅಣ್ಣಾ, ಎಷ್ಟು ಚೆನ್ನಾಗಿದೆ! ಬೇರೆ ಕಡೆ ಹಾಕಿರೋದು ನೋಡಿದ ತಕ್ಷಣ ಪ್ಲಾಸ್ಟಿಕ್ಕು ಅಂತ ಗೊತ್ತಾಗುತ್ತೆ. ಇಲ್ಲಿ ಕೋಳಿಗಳೇ ಮೋಸ ಹೋಗಿ ಮೇಯ್ತಾ ಇವೆ! ಆ ಅಜ್ಜ ರುಮಾಲು ಸುತ್ಕೊಂಡು ಕೂತಿರೋದು ನೋಡು, ಎಷ್ಟು ಸಹಜವಾಗಿದೆ!"

ಕ್ಯಾಮೆರಾಗಳು ಫಳಫಳ ಮಿಂಚಿದವು. ಮಾವ ಮೀಸೆ ತಿರುವಿದ. ಗಂಗಾಧರಪ್ಪನವರ ಮುಖ ಅರಳಿ ಮೊರದಗಲವಾಯಿತು. ಎದೆಮಟ್ಟ ನೀರಿನಲ್ಲೇ ನಿಂತ ಚಲುವರಾಜು ಮಾದಪ್ಪನಿಗೆ ಕೈ ಮುಗಿದ. ಗೆದ್ದೆ, ಸುಕನ್ಯ, ಗೆದ್ದೆ ಎಂದುಕೊಂಡ. ಸಾಹೇಬರು ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದೇಬಿಟ್ಟರು.

ತೆಗೆದು, ನೇರವಾಗಿ ಸಣ್ಣಬೀರಯ್ಯನ ಹತ್ತಿರ ನಡೆದರು.

"ಅಜ್ಜ, ನೀವೂ ನಿಮ್ಮ ಕೋಳಿಗಳೂ ಇವತ್ತಿನಿಂದ ಇಲ್ಲೇ ಇರಿ. ಯಾರು ಬಂದ್ರೂ ಹೀಗೇ ಕೂತಿರಬೇಕು. ತಗೊಳ್ಳಿ, ಔಟ್‌ಹೌಸ್ ನಿಮ್ಮದು." ಆಮೇಲೆ ಕೊಳದ ಕಡೆ ತಿರುಗಿದರು. "ಚಲುವರಾಜು, ಈ ಹುಲ್ಲಿಗೆ ನೀರೂ ಬೇಡ, ಕತ್ತರಿಯೂ ಬೇಡ. ಮಾಲಿ ಕೆಲಸ ಮುಗೀತು. ಇನ್ಮೇಲೆ ಅಜ್ಜ ಹೇಳಿದ ಹಾಗೆ ಕೇಳ್ಕೊಂಡಿರು."

ನೆಂಟರು ಕಾಫಿಗೆ ಒಳಗೆ ಹೋದರು. ಮಾವ ಕೊಳದ ಅಂಚಿಗೆ ಬಂದು ಕೋಲು ಚಾಚಿ, ಅಳಿಯ ಅದನ್ನು ಹಿಡಿದು ಮೇಲೆ ಬರುವವರೆಗೂ ಸಮಾಧಾನವಾಗಿ ಕಾದ.

"ಬ್ಯಾಸರ ಮಾಡ್ಕಬ್ಯಾಡಿ, ನಿಮ್ಮುನ್ನ ಕೈಬುಡಕ್ಕಿಲ್ಲ. ಹಳೇ ಮನೇಲಿ ರಾಗಿ ತುಂಬ್ಸನ. ಇಲ್ಲಿ ಎಲ್ಡು ಕೋಣೆ ಅವೆ. ಒಂದ್ರಲ್ಲಿ ನಾನು, ನಿಮ್ಮತ್ತೆ. ಇನ್ನೊಂದ್ರಲ್ಲಿ ಕೋಳಿ." ಸ್ವಲ್ಪ ಯೋಚಿಸಿ ಹೇಳಿದ: "ಸುಕನ್ಯಂಗೆ ಏಳಿ, ವಸಿ ಒತ್ತರಿಸ್ಕಂಡ್ ಮನೀಕಂಡ್ರೆ ಕೋಳಿಗೇನೂ ತೊಂದ್ರೆ ಆಗಕ್ಕಿಲ್ಲ."