ತಪ್ಪುಗಳ ಶನಿವಾರ

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರಿಗೆ ಸರಿಯುತ್ತರ ಕಂಡರೆ ಆಗುತ್ತಿರಲಿಲ್ಲ! ಮಗು ಓಡಿ ಬಂದು, ಹತ್ತಕ್ಕೆ ಹತ್ತೂ ಸರಿಯಿರುವ ಪುಸ್ತಕ ತೋರಿಸಿದರೆ ಅವರ ಮುಖ ಸಪ್ಪಗಾಗುತ್ತಿತ್ತು. ಗುರುತು ಹಾಕಿ ಕಳಿಸುತ್ತಿದ್ದರು, ಅಷ್ಟೇ. ತಪ್ಪೊಂದು ಸಿಕ್ಕಿತೋ, ಕನ್ನಡಕ ಹಣೆಗೇರಿಸಿ, ಕುರ್ಚಿ ಎಳೆದುಕೊಂಡು, ದೂರದಿಂದ ಬಂದ ನೆಂಟರನ್ನು ಮಾತಾಡಿಸುವಂತೆ ಅದರ ಎದುರು ಕೂರುತ್ತಿದ್ದರು.

ನಮ್ಮದು ತಿತಿಮತಿಯ ಕಡೆ, ಕಾಡಿನಂಚಿನ ಸಣ್ಣ ಸರಕಾರಿ ಶಾಲೆ. ಶಿಕ್ಷಕರು ನಾಲ್ವರು. ಇಂಗ್ಲಿಷಿಗೆ ಕಾವೇರಮ್ಮ, ವಿಜ್ಞಾನಕ್ಕೆ ಶಮೀನಾ, ಲೆಕ್ಕಕ್ಕೆ ಸಂಪಾಜೆಯಿಂದ ಬಂದ ಈ ಮೇಷ್ಟ್ರು. ಕನ್ನಡಕ್ಕೆ ನಾನು, ಮುಖ್ಯೋಪಾಧ್ಯಾಯಿನಿಯ ಪ್ರಭಾರವೂ ನನ್ನದೇ. ಪ್ರಭಾರ ಎಂದರೆ ಏನು ಎಂಬುದು ನನಗೆ ಹೋದ ವರ್ಷದವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಉಳಿದ ಊರುಗಳ ಶಿಕ್ಷಕರು ಬಸ್ಸು ಹಿಡಿಯುತ್ತಿದ್ದರು. ನಾವು ಮಾತ್ರ ಕೂರಬೇಕು, ಅದು ಮೇಷ್ಟ್ರ ನಿಯಮ. ಆ ವಾರ ಮಕ್ಕಳು ಮಾಡಿದ ತಪ್ಪುಗಳನ್ನು ಚೀಟಿಗಳಲ್ಲಿ ಬರೆದು ತಂದು ಮೇಜಿನ ಮೇಲೆ ಹರಡಬೇಕು. ಚೀಟಿಯಲ್ಲಿ ಅಂಕ ಬರೆಯುವಂತಿಲ್ಲ, ದಡ್ಡ ಜಾಣ ಎನ್ನುವಂತಿಲ್ಲ. ಒಂದೇ ಬಗೆಯ ತಪ್ಪುಗಳನ್ನು ಒಟ್ಟಿಗೆ ಇಟ್ಟು, ಅದು ಎಲ್ಲಿಂದ ಬಂತೆಂದು ಹುಡುಕಬೇಕು. ತರಕಾರಿ ಆರಿಸುವ ಹಾಗೆ ನಾವು ನಾಲ್ವರೂ ತಪ್ಪು ಆರಿಸುತ್ತ ಕೂರುವುದನ್ನು ನೋಡಿ ಬಿಸಿಯೂಟದ ಅಕ್ಕ ನಗುತ್ತಿದ್ದರು.

ಮುನ್ನೂರ ಎರಡರಿಂದ ನೂರ ಎಪ್ಪತ್ತೆಂಟು ಕಳೆದರೆ ಎಷ್ಟು? ನೂರ ಇಪ್ಪತ್ತನಾಲ್ಕು. ಒಬ್ಬ ಹುಡುಗ ಇನ್ನೂರ ಎಪ್ಪತ್ತಾರು ಎಂದು ಬರೆದಿದ್ದ. ಕಾವೇರಮ್ಮ ಹಣೆ ಚಚ್ಚಿಕೊಂಡರು. ಮೇಷ್ಟ್ರು ಚೀಟಿಯನ್ನು ಬೆಳಕಿಗೆ ಹಿಡಿದರು.

“ಇವ ಬಿಡಿ, ಹತ್ತು, ನೂರು, ಪ್ರತಿ ಮನೆಯಲ್ಲೂ ದೊಡ್ಡದರಿಂದ ಸಣ್ಣದನ್ನು ಕಳೆದಿದ್ದಾನೆ, ನೋಡಿ. ಇದು ತಪ್ಪಲ್ಲ ಟೀಚರ್, ಒಂದು ಕಾನೂನು. ಕೆಂಪು ಹಾಕಿದವರಿಗೆ ಓದ್ಲಿಕ್ಕೆ ಗೊತ್ತಿಲ್ಲ, ಅಷ್ಟೇ.”

ಕೆಂಪು ಹಾಕಿದವಳು ನಾನು. ಅವರು ರಜೆಯಲ್ಲಿದ್ದ ದಿನ ನಾನೇ ಆ ತರಗತಿ ನೋಡಿಕೊಂಡಿದ್ದೆ.

ಇನ್ನೊಂದು ಸಲ ಇಡೀ ಬ್ಲಾಕಿಗೆ ಒಂದೇ ಪ್ರಶ್ನೆಪತ್ರಿಕೆ ಬಂತು. ಒಬ್ಬರು ದಿನಕ್ಕೆ ನಲವತ್ತು ಕಿಲೋ ಕಾಫಿ ಕೊಯ್ದರೆ ಏಳು ದಿನಕ್ಕೆ ಎಷ್ಟು? ನಮ್ಮ ಮಕ್ಕಳಲ್ಲಿ ಹನ್ನೊಂದು ಮಂದಿ ಇನ್ನೂರ ನಲವತ್ತು ಎಂದು ಬರೆದಿದ್ದರು. ಏಳನೇ ಮಗ್ಗಿ ಬಾರದ ಮಕ್ಕಳೇ ಅವು? ಮೇಷ್ಟ್ರು ಚೀಟಿಗಳನ್ನು ಒಟ್ಟು ಮಾಡಿದರು. ಹನ್ನೊಂದು ಮಕ್ಕಳೂ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳವರು. ಕರೆದು ಕೇಳಿದಾಗ ಗೌರಿ ಎಂಬ ಹುಡುಗಿ, ಭಾನುವಾರ ಸಂತೆ, ಅವತ್ತು ಕಾಫಿ ಪಿಕ್ಕಿಂಗ್ ಇರುವುದಿಲ್ಲ ಎಂದಳು. ಇಷ್ಟೂ ಗೊತ್ತಿಲ್ಲವೇ ಎಂಬಂತೆ ನಮ್ಮನ್ನು ನೋಡಿದಳು. ಮೇಷ್ಟ್ರು ಹನ್ನೊಂದು ಮಂದಿಗೂ ಪೂರ್ತಿ ಅಂಕ ಕೊಟ್ಟರು. ಇನ್ನೂರ ಎಂಬತ್ತು ಎಂದು ಬರೆದವರಿಗೂ ಕೊಟ್ಟರು, ಆದರೆ ಮನಸ್ಸಿಲ್ಲದ ಮನಸ್ಸಿನಿಂದ.

ಅವರ ಹೆಂಡತಿ ಒಮ್ಮೆ ನನ್ನೊಡನೆ ಹೇಳಿಕೊಂಡಿದ್ದರು. ಸಾರಿಗೆ ಉಪ್ಪು ಜಾಸ್ತಿಯಾದರೆ ಇವರು ಬೈಯುವುದಿಲ್ಲವಂತೆ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರಂತೆ. ತಿಂಗಳ ಕೊನೆಗೆ, ತಂಗಿಯ ಫೋನ್ ಬಂದ ದಿನವೇ ಉಪ್ಪು ಜಾಸ್ತಿ ಎಂದು ತೋರಿಸಿದರಂತೆ. ಇಂಥ ಗಂಡನ ಜೊತೆ ಸಂಸಾರ ಮಾಡುವುದು ಹೇಗೆ ಎಂದು ಆಕೆ ಕೇಳಿದರು. ಇಂಥ ಸಹೋದ್ಯೋಗಿಯ ಜೊತೆ ಹೇಗೋ ಹಾಗೆಯೇ ಎಂದೆ.

ಆದರೂ ಹೇಳಬೇಕು. ಮೂರು ವರ್ಷಗಳಲ್ಲಿ ಮಕ್ಕಳು ಬದಲಾದರು. ಲೆಕ್ಕದಲ್ಲಿ ಹಿಂದಿದ್ದ ಕೆಲವರು ನಿಜವಾಗಿ ಕನ್ನಡ ಓದುವುದರಲ್ಲಿ ಎಡವುತ್ತಿದ್ದರು, ಅವರ ಮನೆಮಾತು ಬೇರೆ. ಚೀಟಿಗಳನ್ನು ಪಕ್ಕಪಕ್ಕ ಇಟ್ಟಿದ್ದರಿಂದ ಅದು ಕಂಡಿತು. ಅಂದಿನಿಂದ ನನ್ನ ಕನ್ನಡ ಪಿರಿಯಡ್ಡಿನಲ್ಲಿ ಪದ್ಯ ಮುಗಿದ ಮೇಲೆ ತೊಟ್ಟಿಗೆ ನೀರು ತುಂಬುವ ಲೆಕ್ಕವನ್ನೂ ಓದಿಸತೊಡಗಿದೆ.

ಹೋದ ವರ್ಷ ಮಳೆಗಾಲದಲ್ಲಿ ಶಮೀನಾ ಏಳನೇ ತರಗತಿಯ ಪುಸ್ತಕವೊಂದನ್ನು ತಂದು ನನ್ನ ಮುಂದೆ ಇಟ್ಟಳು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಗೌರಿ ಐದು ಬೈ ಆರು ಎಂದು ಬರೆದಿದ್ದಳು. ಅದು ಸರಿ. ಅದರ ಮೇಲೆ ಮೇಷ್ಟ್ರ ಕೈಯಲ್ಲಿ ಕೆಂಪು ಗೀಟು ಬಿದ್ದಿತ್ತು. ಪಕ್ಕದಲ್ಲಿ ಎರಡು ಬೈ ಐದು ಎಂದು ಅವರೇ ತಿದ್ದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದರು. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ರೊಟ್ಟಿ! ಮಕ್ಕಳ ಈ ತಪ್ಪನ್ನು ಬಿಡಿಸಲು ಅವರೇ ಮೂರು ಶನಿವಾರ ನಮ್ಮನ್ನು ಕೂರಿಸಿದ್ದರು.

ದಣಿವಿರಬಹುದು ಎಂದೆ. ಮರುವಾರ ಇನ್ನೂ ನಾಲ್ಕು ಪುಸ್ತಕ ಬಂದವು. ಆ ಮುಂದಿನ ವಾರ ಅವರು ಶಮೀನಾಳನ್ನು ಬೇರೆ ಯಾವುದೋ ಹೆಸರಿನಿಂದ ಕರೆದರು. ಕೆಲವು ದಿನ ಮೊದಲಿನ ಹಾಗೆಯೇ ಇರುತ್ತಿದ್ದರು. ಕೆಲವು ದಿನ ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣ ಹಿಡಿದ ತಮ್ಮ ಕೈಯನ್ನೇ ನೋಡುತ್ತಿದ್ದರು. ಮೈಸೂರಿನ ವೈದ್ಯರು ಆಮೇಲೆ ಇದಕ್ಕೊಂದು ಹೆಸರು ಕೊಟ್ಟರು. ಅದನ್ನು ಇಲ್ಲಿ ಬರೆಯಲಾರೆ.

ಅವರ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ನಾನು ವರದಿ ಮಾಡಿದರೆ ಅವರನ್ನು ತರಗತಿಯಿಂದ ತೆಗೆಯುತ್ತಾರೆ. ಮಾಡದಿದ್ದರೆ ಇಪ್ಪತ್ತೆರಡು ಮಕ್ಕಳ ಲೆಕ್ಕ ಕೆಡುತ್ತದೆ. ಇದು ನನ್ನೆದುರು ಸ್ಪಷ್ಟವಾಗಿತ್ತು. ಸ್ಪಷ್ಟವಿದ್ದೂ ನಾನು ಮಾಡಿದ್ದೇನು? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಏಳನೇ ತರಗತಿಯ ಪುಸ್ತಕಗಳನ್ನು ತೆಗೆದುಕೊಂಡು ಕೂತು, ಅವರ ಕೆಂಪು ಗೀಟುಗಳಿಗೆ ಇನ್ನೊಂದು ಎಳೆ ಸೇರಿಸಿ ಸರಿ ಗುರುತು ಮಾಡುತ್ತಿದ್ದೆ. ಅವರ ಸಹಿಯನ್ನೂ ಕಲಿತೆ. ಕಾವೇರಮ್ಮ ಬಾಗಿಲಲ್ಲಿ ಕಾವಲು. ಹೀಗೆ ಹನ್ನೊಂದು ವಾರ.

ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬೇರೆ ವಿಷಯದವರು ತಿದ್ದಬೇಕೆಂಬುದೂ ಅವರದೇ ನಿಯಮ. ಆ ಸಲ ಲೆಕ್ಕದ ಕಟ್ಟು ಶಮೀನಾಳ ಪಾಲಿಗೆ ಬಂದಿತ್ತು. ಶನಿವಾರ ಅದನ್ನು ಅವಳು ಬ್ಯಾಗಿನೊಳಗೇ ಇಟ್ಟುಕೊಂಡಿದ್ದಳು. ಅಂದು ಮೇಷ್ಟ್ರು ಪೂರ್ತಿ ಮೊದಲಿನವರಾಗಿದ್ದರು. ಕೇಳಿ ತೆಗೆಸಿಕೊಂಡರು. ಒಂದೊಂದೇ ಪತ್ರಿಕೆ ತಿರುಗಿಸಿದರು. ಅರ್ಧಕ್ಕೆ ಮೂರನೇ ಒಂದು ಕೂಡಿಸುವ ಅದೇ ಲೆಕ್ಕಕ್ಕೆ ಇಪ್ಪತ್ತೆರಡರಲ್ಲೂ ಎರಡು ಬೈ ಐದು.

ಅವರ ಮುಖ ಮೊದಲು ಅರಳಿತು. ಇಷ್ಟು ದೊಡ್ಡ ತಪ್ಪಿನ ಗುಂಪು ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು:

“ಇಪ್ಪತ್ತೆರಡು ಮಕ್ಕಳು ತಾವಾಗಿ ಒಂದೇ ತಪ್ಪು ಮಾಡುದಿಲ್ಲ. ಯಾರೋ ಕಲಿಸಿದ್ದಾರೆ. ಯಾರು ಟೀಚರ್?”

ಕಾವೇರಮ್ಮ ಕಿಟಕಿಯ ಕಡೆ ತಿರುಗಿದರು. ಪ್ರಭಾರ ನನ್ನದು.

“ನೀವೇ ಸಾರ್.”

ಅವರು ಬಹಳ ಹೊತ್ತು ಪತ್ರಿಕೆಗಳ ಅಂಚು ಸರಿಮಾಡಿದರು. ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ. ಪುಸ್ತಕ ತಿದ್ದಿದ್ದನ್ನೂ ಹೇಳಿದೆ.

“ಮಕ್ಕಳ ತಪ್ಪನ್ನು ನಾವು ಹೀಗೆ ಹನ್ನೊಂದು ವಾರ ಬಚ್ಚಿಡ್ತೇವಾ?”

ಸೋಮವಾರ ನಾನೂ ತಮ್ಮ ಜೊತೆ ಏಳನೇ ತರಗತಿಗೆ ಬರಬೇಕೆಂದರು.

ಸೋಮವಾರ ಬೋರ್ಡಿನ ಮೇಲೆ ಆ ಲೆಕ್ಕ ಬರೆದು, ತಾವು ಕಲಿಸಿದ್ದು ತಪ್ಪು ಎಂದು ಮಕ್ಕಳಿಗೆ ಹೇಳಿದರು. ಇದು ತಪ್ಪೆಂದು ಮೊದಲೇ ಗೊತ್ತಿದ್ದವರು ಯಾರೆಂದು ಕೇಳಿದರು. ಒಂದು ಕೈ ಎದ್ದಿತು. ಆಮೇಲೆ ಉಳಿದವು. ಇಪ್ಪತ್ತೆರಡೂ ಕೈಗಳು.

“ಗೊತ್ತಿದ್ದೂ ಎಂತಕ್ಕೆ ಹಾಗೆ ಬರೆದದ್ದು?” ಎಂದರು ಮೇಷ್ಟ್ರು.

ಗೌರಿ ಎದ್ದು ನಿಂತು ನನ್ನ ಕಡೆ ನೋಡಿದಳು.

“ಸರಿ ಬರೆದ್ರೆ ನೀವು ಕೆಂಪು ಹಾಕ್ತೀರಿ ಸಾರ್. ಆಮೇಲೆ ಟೀಚರ್ ಕೂತು ತಿದ್ತಾರೆ. ಟೀಚರ್ ಊಟನೇ ಮಾಡಲ್ಲ.”

ಮೇಷ್ಟ್ರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ಕುರ್ಚಿಯ ಕಡೆ ಹೋಗಲಿಲ್ಲ. ಎಲ್ಲಿ ಕೂರಬೇಕೆಂದು ತೋಚದವರಂತೆ ಬೆಂಚುಗಳ ನಡುವೆ ನಿಂತರು. ಗೌರಿ ತನ್ನ ಚೀಲವನ್ನು ನೆಲಕ್ಕಿಟ್ಟು, ಗೋಡೆಯ ಕಡೆ ಸರಿದು ಜಾಗ ಮಾಡಿದಳು. ಅವರು ಅವಳ ಪಕ್ಕದಲ್ಲಿ ಕೂತರು. ಅವಳು ಪುಸ್ತಕ ಬಿಚ್ಚಿ ಇಬ್ಬರ ನಡುವೆ ಇಟ್ಟಳು.